ತೊಳೆದ ಇದ್ದಿಲು

ಇದ್ದಿಲು ಎಷ್ಟು ತೊಳೆದರೂ ಕಪ್ಪೇ ಅನ್ನುತ್ತಾರೆ. ಹಾಗೆ ಅಂದವರು ನಮ್ಮ ಇಸ್ತ್ರಿಯಪ್ಪನನ್ನು ನೋಡಿರಲಿಕ್ಕಿಲ್ಲ. ಅವನು ದಿನಾ ಬೆಳಗ್ಗೆ ಹಿತ್ತಲ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಅಕ್ಕಿ ತೊಳೆದ ಹಾಗೆ ಇದ್ದಿಲು ತೊಳೆಯುತ್ತಿದ್ದ. ಮೊದಲ ನೀರು ಕಪ್ಪಗೆ ಹೋಗುತ್ತಿತ್ತು, ಆಮೇಲಿನದು ಬೂದು ಬಣ್ಣಕ್ಕೆ, ಕೊನೆಯದು ತಿಳಿ. ತಿಳಿ ಬಂದ ಮೇಲೆ ಗೋಣಿಯ ಮೇಲೆ ಹರಡಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಜರಡಿ ಹಿಡಿದು, ಪುಡಿಯನ್ನೆಲ್ಲ ಉದುರಿಸಿ, ಗಟ್ಟಿ ತುಂಡುಗಳನ್ನು ಮಾತ್ರ ಡಬ್ಬಕ್ಕೆ ತುಂಬುತ್ತಿದ್ದ. ಅದೇ ಇದ್ದಿಲು ಆಮೇಲೆ ಕೆಂಡವಾಗಿ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಗೆ ಹೋಗುತ್ತಿತ್ತು.

ಡಬ್ಬ ಹಿಡಿದು ಅಂಗಡಿ ಮುಂದಕ್ಕೆ ಬಂದನೆಂದರೆ ಎದುರಂಗಡಿಯ ದರ್ಜಿ ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆಯೇ ಕೇಳುತ್ತಿದ್ದ: "ಸ್ನಾನ ಆಯ್ತೇನಣ್ಣ ಇದ್ದಿಲಿಗೆ? ಪೌಡರ್ ಬೇಕಾದ್ರೆ ಹೇಳು, ನಮ್ಮನೇಲಿದೆ."

ಇಸ್ತ್ರಿಯಪ್ಪ ನಗುತ್ತಿದ್ದ, ಅಷ್ಟೆ. ಮಾತು ಅವನ ಕಸುಬಲ್ಲ.

ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದಿನದರಲ್ಲಿ ಮಂಚ, ಒಲೆ, ಹಿತ್ತಲಿಗೆ ತೆರೆಯುವ ಒಂದು ಕಿಟಕಿ. ನಡುವೆ ಒಂದು ಪರದೆ. ಹಿತ್ತಲು ಇಬ್ಬರಿಗೂ ಸೇರಿದ್ದು. ಹಾಗಾಗಿ ಅವರ ಸಂಸಾರ ನನಗೆ ಕಿಟಕಿಯಿಂದ ಅರ್ಧ ಗೊತ್ತು, ಗೋಡೆಯಿಂದ ಅರ್ಧ ಗೊತ್ತು.

ಈ ತೊಳೆಯುವ ಅಭ್ಯಾಸ ಅವನಿಗೆ ಬಂದದ್ದು ಮದುವೆಗೆ ಮುಂಚೆ. ಆಗಿನ್ನೂ ಹುಡುಗ, ಸೋದರತ್ತೆಯ ಹತ್ತಿರ ಕೆಲಸ ಕಲಿಯುತ್ತಿದ್ದ. ಯಾರೋ ಮೊದಲ ಸಲ ಕೆಲಸಕ್ಕೆ ಹೊರಟವರ ಬಿಳಿ ಅಂಗಿ. ಇಸ್ತ್ರಿ ಪೆಟ್ಟಿಗೆಯ ಸಂದಿಯಿಂದ ಇದ್ದಿಲ ಪುಡಿ ಒಂದು ಚೂರು ಉದುರಿ ಕಾಲರಿನ ಮೇಲೆ ಕೂತುಬಿಟ್ಟಿತ್ತು. ಅಂಗಿಯವನು ಬರಲಿಲ್ಲ, ಅವನ ತಂಗಿ ಬಂದಳು, ಅಂಗಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದುಕೊಂಡು.

"ಅಂಗಿ ಕೊಟ್ಟಿದ್ದು ಇಸ್ತ್ರಿಗೆ. ನೀವು ಅದಕ್ಕೆ ಹುಟ್ಟುಮಚ್ಚೆ ಇಟ್ಟು ಕಳ್ಸಿದ್ದೀರಲ್ಲ!"

ಇವನು ಅಂಗಿ ತೆಗೆದುಕೊಂಡ, ಸೋಪು ಹಚ್ಚಿ ತೊಳೆದ, ಹಿಂಡಿದ, ಇಸ್ತ್ರಿ ಹಾಕಿಯೇ ಒಣಗಿಸಿದ. ಅಷ್ಟು ಹೊತ್ತೂ ಅವಳು ಅಲ್ಲೇ ನಿಂತು ಬೈಯುತ್ತಿದ್ದಳು. "ಅಂಗಿ ಒಣಗಿತು ಅಕ್ಕ, ಇವಳ ಬೈಗುಳ ಒಣಗಲೇ ಇಲ್ಲ" ಅಂತ ಅವನೇ ಒಂದು ಸಲ ಹೇಳಿದ್ದ. ಅವನು ನನ್ನ ಹತ್ತಿರ ಆಡಿದ ಮಾತುಗಳಲ್ಲೆಲ್ಲ ಅದೇ ಉದ್ದದ್ದು. ಮಾರನೆಯ ದಿನದಿಂದ ಇದ್ದಿಲು ತೊಳೆಯುವುದಕ್ಕೆ ಶುರುಮಾಡಿದ. ಮುಂದಿನ ಸುಗ್ಗಿಯ ಹೊತ್ತಿಗೆ ಜಗಳಕ್ಕೆ ಬಂದವಳು ಜೊತೆಗೇ ಉಳಿದಳು.

ಅವಳನ್ನು ನಾನು ತಂಗಿ ಅಂತಲೇ ಕರೆಯುವುದು. ನನಗಿಂತ ಚಿಕ್ಕವಳು, ಆದರೆ ಬಾಯಲ್ಲಿ ನನಗೆ ಅಕ್ಕ. ಅವನು ಇಸ್ತ್ರಿ ಹಾಕಿದ್ದನ್ನು ಅವಳು ಮಡಚುತ್ತಿದ್ದಳು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಗಂಟು ತಂದವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವುದು. ಇದಕ್ಕೆ ಗಂಜಿ ಬೇಕು, ಅದಕ್ಕೆ ಬೇಡ. ಈ ರೇಷ್ಮೆಗೆ ನೀರು ಚಿಮುಕಿಸಬಾರದು. ಈ ಪ್ಯಾಂಟಿನ ಮಡಿಕೆ ಹಳೇ ಗೆರೆಯ ಮೇಲೇ ಬರಬೇಕು. ಎಲ್ಲ ಅವಳ ತಲೆಯಲ್ಲೇ. ಕೈಯಲ್ಲಿ ಇಸ್ತ್ರಿ ಹಿಡಿದನೆಂದರೆ ಇಸ್ತ್ರಿಯಪ್ಪನ ಕಿವಿಗೆ ಬಾಗಿಲು ಹಾಕಿದ ಹಾಗೆ. ಗಿರಾಕಿ ಹೋದ ಮೇಲೆ ಕೇಳುತ್ತಿದ್ದ:

"ಏನಂದ್ರೇ ಅವರು?"

"ನಿಮ್ಮೆದುರಿಗೇ ತಾನೇ ಹೇಳಿದ್ದು? ಒಂದು ಮಾತಲ್ಲಿ ಅರ್ಧ ನಿಮಗೆ, ಅರ್ಧ ಗಾಳಿಗೆ. ಕಾಲರಿಗೆ ಗಂಜಿ, ತೋಳಿಗೆ ಬೇಡ. ಈಗಲಾದ್ರೂ ಕೇಳಿಸ್ತಾ?"

"ಹೂಂ ಕಣೇ."

ಹೀಗೆ ಅವನು ಕೈ, ಅವಳು ಕಿವಿ ಮತ್ತು ಬಾಯಿ. ಸಂಸಾರ ನಡೆಯುವುದಕ್ಕೆ ಅಷ್ಟು ಸಾಕಾಗಿತ್ತು.

ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಇಬ್ಬರೂ ದೊಡ್ಡ ಹೊದಿಕೆಯೊಂದನ್ನು ಎರಡು ಕಡೆಯಿಂದ ಹಿಡಿದು ಮಡಚುತ್ತಿದ್ದರು. ಅವಳ ಕಡೆಯ ತುದಿ ಕೈಯಿಂದ ಜಾರಿತು. "ಹಿಡಿಯೇ" ಅಂದ ಅವನು. ಅವಳು ಹಿಡಿಯಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡು ಹೋಗಿತ್ತು. ಲಕ್ವ.

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಾಲು ಸುಮಾರಾಗಿ ಬಂದಿತ್ತು, ಕೈ ಮುಷ್ಟಿ ಕಟ್ಟುವಷ್ಟು ಬಂದಿತ್ತು. ನಾಲಿಗೆ ಮಾತ್ರ ಹಿಂದುಳಿದಿತ್ತು. ಮಾತು ಬರುತ್ತಿತ್ತು, ಆದರೆ ಒಂದೊಂದೇ, ದಪ್ಪಗೆ, ಮೆಟ್ಟಿಲು ಹತ್ತುವ ಮುದುಕಿಯ ಹಾಗೆ ನಿಂತು ನಿಂತು. ಡಾಕ್ಟರಮ್ಮ ಇಸ್ತ್ರಿಯಪ್ಪನನ್ನು ಕೂರಿಸಿ ಹೇಳಿದ್ದರು: "ಇವರ ಕೈಲಿ ಮಾತಾಡ್ಸಿ. ಆಡಿದಷ್ಟೂ ಬರುತ್ತೆ. ಸುಮ್ಮನಿದ್ದುಬಿಟ್ರೆ ನಾಲಿಗೆನೂ ಸುಮ್ಮನಾಗಿಬಿಡುತ್ತೆ, ಆಮೇಲೆ ಎಬ್ಬಿಸೋದು ಕಷ್ಟ." ಆ ಮಾತನ್ನು ಅವನು ಪೂರ್ತಿ ಕೇಳಿಸಿಕೊಂಡಿದ್ದ. ಅಲ್ಲಿ ಅವನ ಕೈಯಲ್ಲಿ ಇಸ್ತ್ರಿ ಇರಲಿಲ್ಲವಲ್ಲ.

ಮೊದಮೊದಲು ತಂಗಿ ಮಾತಾಡುತ್ತಿದ್ದಳು. ಮುಂದಿನ ಕೋಣೆಗೆ ಬಂದು ತನ್ನ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಂದು ದಿನ ನಮ್ಮ ಬೀದಿಯ ಶಾಲೆಯ ಟೀಚರು ಬಂದಳು. ಒಳ್ಳೆಯ ಹುಡುಗಿ, ಆದರೆ ಯಾವಾಗಲೂ ಗಂಟೆ ಹೊಡೆಯುವ ಹೊತ್ತಿಗೇ ಮನೆ ಬಿಡುವವಳು. "ನನ್ನ ಬಟ್ಟೆ ಯಾವಾಗಮ್ಮ?" ಅಂತ ಕೇಳಿದಳು. ತಂಗಿ "ನಾ..." ಅಂತ ಶುರುಮಾಡಿದಳು.

"ಏನು?"

"ನಾ...ಳೆ..."

"ಏನಂದ್ರಿ?" ಅಂದವಳೇ, ಉತ್ತರಕ್ಕೆ ಕಾಯದೆ ಇಸ್ತ್ರಿಯಪ್ಪನ ಕಡೆ ತಿರುಗಿ, "ಅಣ್ಣ, ನೀವೇ ಹೇಳ್ಬಿಡಿ, ನಂಗೆ ಹೊತ್ತಾಯ್ತು" ಅಂದಳು.

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವಸರ ಇತ್ತು, ಅಷ್ಟೆ. ತಂಗಿ ಎದ್ದಳು, ಗೋಡೆ ಹಿಡಿದುಕೊಂಡು ಪರದೆಯ ಹಿಂದೆ ಹೋದಳು, ಕಿಟಕಿಯ ಕಡೆ ಮುಖ ಮಾಡಿ ಮಲಗಿದಳು. ಆವತ್ತಿನಿಂದ ಬಾಯಿ ಬಿಡಲಿಲ್ಲ. ಬೇಕು ಅಂದರೆ ತಲೆ ಆಡಿಸುವುದು, ಬೇಡ ಅಂದರೆ ಕೈ ಅಲ್ಲಾಡಿಸುವುದು.

ಇಸ್ತ್ರಿಯಪ್ಪನ ಪಾಡು ಆಮೇಲೆ ನೋಡಬೇಕಿತ್ತು. ಹುಟ್ಟಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಬಿಟ್ಟ ಬಾಯಿ ಮುಚ್ಚದೆ ಹರಟಲು ಶುರುಮಾಡಿದ. ಮೋಡ ಬಂತು ಕಣೇ, ಮೋಡ ಹೋಯ್ತು ಕಣೇ. ದರ್ಜಿ ಇವತ್ತು ಯಾರದೋ ಜೇಬನ್ನ ತಲೆಕೆಳಗಾಗಿ ಹೊಲಿದ ಕಣೇ. ಬೆಕ್ಕು ಮರಿ ಹಾಕ್ತು ಕಣೇ. ಗೋಡೆಯ ಈ ಕಡೆ ಕೂತು ನಾನು ಎಲ್ಲವನ್ನೂ ಕೇಳುತ್ತಿದ್ದೆ. ಒಂದು ಸಂಜೆ ನನ್ನ ಬಾಗಿಲಿಗೆ ಬಂದು ಕೂತ.

"ಅಕ್ಕ, ನನ್ನ ಹತ್ರ ಇದ್ದ ಮಾತೆಲ್ಲ ಮುಗೀತು. ಇನ್ನೇನು ಮಾತಾಡ್ಲಿ? ನಮ್ಮನೇಲಿ ಮಾತೆಲ್ಲ ಅವಳ ಹತ್ರಾನೇ ಇದ್ದಿದ್ದು."

"ನಿಧಾನಕ್ಕೆ ಆಡ್ತಾಳಪ್ಪ. ಅವಸರ ಮಾಡ್ಬೇಡ."

"ಒಂದ್ಸಲ ಬೈದ್ರೆ ಸಾಕು ಅಕ್ಕ. ಒಂದೇ ಒಂದ್ಸಲ. ನಾಲಿಗೆ ಮಲಗಿಬಿಟ್ರೆ ಏನು ಮಾಡ್ಲಿ?"

ಅವಳು ಯಾರಿಗೆ ಹೆಚ್ಚು ಬೈಯುತ್ತಿದ್ದಳು ಅಂತ ಇಬ್ಬರೂ ಕೂತು ಯೋಚನೆ ಮಾಡಿದೆವು. ಇವನಿಗೆ, ಅದು ಸರಿ. ಇವನನ್ನು ಬಿಟ್ಟರೆ ಕುಂಬಳಬಳ್ಳಿಗೆ. ಹಿತ್ತಲಲ್ಲಿ ಅವಳದೊಂದು ಕುಂಬಳಬಳ್ಳಿ ಯಾವಾಗಲೂ ಇರುತ್ತಿತ್ತು. "ಈ ಕಡೆ ಹೋಗು ಅಂದ್ರೆ ಆ ಕಡೆ ಹೋಗ್ತೀಯ, ನಿಂಗೂ ನಮ್ಮನೆಯವರ ಬುದ್ಧಿನೇ ಬಂತಾ? ಬರೀ ಹೂ ಬಿಟ್ಕೊಂಡು ಮೆರೀತಾ ಇದ್ದೀಯಲ್ಲ, ಕಾಯಿ ಎಲ್ಲೇ?" ಅಂತ ದಿನಾ ಬೆಳಗ್ಗೆ ಮಂಗಳಾರತಿ. ಬಳ್ಳಿಯೂ ಬೈಸಿಕೊಂಡು ಬೈಸಿಕೊಂಡು ಕಿಟಕಿಯ ಸರಳು ಹತ್ತಿ, ಮಂಚದ ಮೇಲೇ ಎಲೆ ಚಾಚುತ್ತಿತ್ತು.

ಆದರೆ ಈಗ ಹಿತ್ತಲಲ್ಲಿ ಬಳ್ಳಿ ಇರಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ನೀರಿನ ಪೈಪು ಹಾಕುವುದಕ್ಕೆ ಅಂತ ಬಂದವರು ಆಳುದ್ದ ಅಗೆದು ಮುಚ್ಚಿ ಹೋಗಿದ್ದರು. ಅಡಿಯ ಮಣ್ಣು ಮೇಲೆ, ಮೇಲಿನ ಮಣ್ಣು ಅಡಿಗೆ. ವರ್ಷಗಟ್ಟಲೆ ತರಕಾರಿ ಸಿಪ್ಪೆ, ಸಗಣಿ ಹಾಕಿ ಕಪ್ಪಗೆ ಮಾಡಿದ್ದ ಮಣ್ಣು ಪಾತಾಳ ಸೇರಿತ್ತು. ಮೇಲೆ ಬಂದದ್ದು ಹಳದಿ ಮರಳು ಮಣ್ಣು, ಜೀವ ಇಲ್ಲದ್ದು. ನೀರು ಹೊಯ್ದರೆ ಜರಡಿಗೆ ಹೊಯ್ದ ಹಾಗೆ. ಇಸ್ತ್ರಿಯಪ್ಪ ಬೀಜ ಹಾಕಿ ನೋಡಿದ, ಸತ್ತಿತು. ಮತ್ತೆ ಹಾಕಿದ, ಮತ್ತೆ ಸತ್ತಿತು. ತಂಗಿ ಕಿಟಕಿಯಿಂದ ನೋಡುತ್ತಲೇ ಇದ್ದಳು. ಬಳ್ಳಿ ಸರಳಿಗೆ ಹತ್ತಿದರೆ ಇವಳು ಅದಕ್ಕಾದರೂ ಬೈಯುತ್ತಾಳೆ ಅನ್ನುವುದು ಅವನ ಆಸೆ.

ಅವನ ಗಿರಾಕಿಗಳಲ್ಲಿ ನರ್ಸರಿ ನಡೆಸುವವಳೊಬ್ಬಳಿದ್ದಳು. ಗಿಡದಮ್ಮ ಅಂತಲೇ ಎಲ್ಲರೂ ಕರೆಯುವುದು. ಕೆಲಸದ ಕೋಟುಗಳನ್ನು ಗಂಟು ಕಟ್ಟಿಕೊಂಡು ಬಂದವಳು, ಹಿತ್ತಲ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಮುಂದಿನ ಕೋಣೆಗೆ ಬಂದು ಹೇಳಿದಳಂತೆ: "ಅಣ್ಣ, ಇಲ್ಲಿ ಗೊಬ್ಬರ ಹಾಕಿದ್ರೂ ನಿಲ್ಲಲ್ಲ, ನೀರಿನ ಜೊತೆ ಇಳಿದುಹೋಗುತ್ತೆ. ಇದ್ದಿಲು ಹಾಕಿ. ಅಂಗಡಿ ಇದ್ದಿಲಲ್ಲ. ಕಡ್ಡಿ, ಕಾಂಡ, ದಿಂಡು, ಬಿಸಾಡೋ ಗಿಡದ ಕಸ ಎಲ್ಲ ಗುಂಡಿಯಲ್ಲಿ ಸುಟ್ಟು, ಬೂದಿ ಆಗೋಕೆ ಮುಂಚೆ ನೀರು ಹಾಕಿ ನಿಲ್ಸಿಬಿಡಿ. ಅದರ ಮೈಯೆಲ್ಲ ಸಣ್ಣ ಸಣ್ಣ ತೂತು. ನೀರು, ಸಾರ ಎಲ್ಲ ಅದರೊಳಗೆ ಕೂತ್ಕೊಳ್ಳುತ್ತೆ. ಬೇರು ಬೇಕಾದಾಗ ಹೀರ್ಕೊಳ್ಳುತ್ತೆ. ನಿಮಗೆ ಇದ್ದಿಲ ವಿದ್ಯೆ ನಾನೇನು ಹೇಳ್ಕೊಡೋದು!"

ಅದಾದ ಮೇಲೂ ಅವಳು ಇನ್ನೊಂದಿಷ್ಟು ಹೇಳಿದಳು. ಆದರೆ ಅಷ್ಟರಲ್ಲಿ ಪೆಟ್ಟಿಗೆ ಕಾದಿತ್ತು, ಇಸ್ತ್ರಿಯಪ್ಪ ಕೈಗೆತ್ತಿಕೊಂಡಿದ್ದ, ಕಿವಿಯ ಬಾಗಿಲು ಮುಚ್ಚಿತ್ತು. "ಹೂಂ, ಹೂಂ" ಅಂದ. ಸ್ಟೂಲು ಖಾಲಿ ಇತ್ತು. ಗಿಡದಮ್ಮ ಮಗಳ ಬಾಣಂತನಕ್ಕೆ ಅಂತ ಮಾರನೆಯ ದಿನವೇ ಊರು ಬಿಟ್ಟಳು.

ಇದ್ದಿಲು ಅಂದ ಕೂಡಲೇ ಅವನ ಮುಖಕ್ಕೆ ಜೀವ ಬಂತು. ಹಿತ್ತಲಲ್ಲಿ ಬಾಣಲೆಯ ಆಕಾರಕ್ಕೆ ಒಂದು ಗುಂಡಿ ತೋಡಿದ. ನರ್ಸರಿಯಿಂದ ಕತ್ತರಿಸಿ ಹಾಕಿದ ಬೇಲಿ ಕಡ್ಡಿ ಬಂತು. ಮೂಲೆಯಲ್ಲಿ ಜೋಳ ಸುಟ್ಟು ಮಾರುವವಳ ಹತ್ತಿರ ತಿಂದು ಬಿಸಾಡಿದ ದಿಂಡುಗಳು ಬಂದವು. ನಾನು ನನ್ನ ಒಣಗಿದ ಬದನೆ ಗಿಡಗಳನ್ನು ಕಿತ್ತು ಕೊಟ್ಟೆ. ದರ್ಜಿ ಒಂದು ಚೀಲ ಚಿಂದಿ ತಂದ.

"ಇದು ಬೇಡಪ್ಪ, ಗಿಡದ ಕಸ ಮಾತ್ರ."

"ಹತ್ತಿ ಗಿಡದಲ್ಲೇ ತಾನೇ ಅಣ್ಣ ಬೆಳೆಯೋದು? ಇದು ಅದರ ಮೊಮ್ಮಗ!"

"ಮೊಮ್ಮಗನ್ನ ನೀನೇ ಇಟ್ಕೋ."

ಬೆಂಕಿ ಹಚ್ಚುವುದನ್ನು ಅವನಿಂದ ಕಲಿಯಬೇಕು. ನಾವೆಲ್ಲ ಕೆಳಗೆ ಹಚ್ಚುತ್ತೇವೆ, ಅವನು ಮೇಲೆ ಹಚ್ಚಿದ. ಉರಿ ಮೇಲಿದ್ದರೆ ಕೆಳಗಿನ ಹೊಗೆ ಅದರೊಳಗೇ ಸುಟ್ಟುಹೋಗುತ್ತದೆ, ಕಣ್ಣಿಗೆ ಬರುವುದಿಲ್ಲ. ಕಡ್ಡಿಯ ಮೈಮೇಲೆ ತೆಳ್ಳಗೆ ಬಿಳಿ ಬೂದಿ ಕಾಣಿಸಿಕೊಂಡ ತಕ್ಷಣ ಅದರ ಮೇಲೆ ಇನ್ನೊಂದು ಪದರ ಹಾಕುತ್ತಿದ್ದ, ಮಲಗಿದ ಮಗುವಿಗೆ ಹೊದಿಕೆ ಹೊದಿಸಿದ ಹಾಗೆ. "ಹೊಗೆ ಬರ್ತಿದೆಯೇನೇ ಅಲ್ಲಿಗೆ?" ಅಂತ ಕಿಟಕಿಗೆ ಕೂಗುತ್ತಿದ್ದ. ಒಳಗಿಂದ ಇಲ್ಲ ಅಂತ ಕೈ ಆಡುತ್ತಿತ್ತು. ಗುಂಡಿ ತುಂಬಿದ ಮೇಲೆ ಕೊಡಗಟ್ಟಲೆ ನೀರು ಹೊಯ್ದ. ಚೊಂಯ್ ಅಂತ ಆವಿ ಎದ್ದು ಕಿಟಕಿ, ತಂಗಿ, ನಾನು, ಎಲ್ಲ ಮಾಯ. ಆವಿ ಇಳಿದ ಮೇಲೆ ನೋಡಿದರೆ ಗುಂಡಿಯ ತುಂಬ ಕಪ್ಪು ಇದ್ದಿಲು. ದಿಂಡು ದಿಂಡಿನ ಆಕಾರದಲ್ಲೇ, ಕಡ್ಡಿ ಕಡ್ಡಿಯ ಆಕಾರದಲ್ಲೇ. ಕೈಗೆತ್ತಿಕೊಂಡರೆ ಗರಿಯಷ್ಟು ಹಗುರ, ಒಂದಕ್ಕೊಂದು ತಾಗಿದರೆ ಗಾಜಿನ ಚೂರಿನ ಸದ್ದು.

ಆಮೇಲೆ ಅವನು ತನ್ನ ಜೀವಮಾನದ ಅಭ್ಯಾಸದಂತೆ ಅದನ್ನು ನಲ್ಲಿಯ ಕೆಳಗೆ ಕೊಂಡೊಯ್ದು ತೊಳೆದ. ಕಪ್ಪು ನೀರು, ಬೂದು ನೀರು, ತಿಳಿ ನೀರು. ಗೋಣಿಯ ಮೇಲೆ ಹರಡಿದ, ಗರಿಗರಿಯಾಗಿ ಒಣಗಿಸಿದ, ಜರಡಿ ಹಿಡಿದ. ಪುಡಿಯನ್ನೆಲ್ಲ ಗುಡಿಸಿ, ನನ್ನ ಪಾತ್ರೆ ತೊಳೆದ ನೀರು ಹರಿದುಹೋಗುವ ಮೋರಿಯ ಪಕ್ಕಕ್ಕೆ ತಳ್ಳಿದ. ಕಿಟಕಿಯ ಹಿಂದೆ ತಂಗಿಯ ಕೈ ಜೋರಾಗಿ ಆಡುತ್ತಿತ್ತು. ಇವನು ಅದನ್ನು ನೋಡಿ ಹಿಗ್ಗಿ ತಾನೂ ಕೈ ಬೀಸಿದ. "ಹೂಂ ಕಣೇ, ಒಂದು ಚೂರು ಮಸಿ ಇಲ್ಲದ ಹಾಗೆ ತೊಳೆದಿದ್ದೀನಿ!" ಅಂದ. ಕೈ ನಿಧಾನವಾಗಿ ಕೆಳಗಿಳಿಯಿತು.

ತೊಳೆದ, ಒಣಗಿದ, ಗಟ್ಟಿ ತುಂಡುಗಳನ್ನು ಮಣ್ಣಿಗೆ ಸೇರಿಸಿ ಬೀಜ ಹಾಕಿದ. ಮೊಳಕೆ ಬಂತು. ದಪ್ಪಗೆ, ಬೆನ್ನು ಬಗ್ಗಿಸಿಕೊಂಡು, ಟೋಪಿಯ ಹಾಗೆ ಬೀಜದ ಸಿಪ್ಪೆ ಹೊತ್ತುಕೊಂಡು ಬಂತು. ಅವನ ಸಂಭ್ರಮ ಹೇಳತೀರದು. ದರ್ಜಿಗೆ ತೋರಿಸಿದ, ಹಾಲಿನವಳಿಗೆ ತೋರಿಸಿದ. ಬೀಜದೊಳಗಿನ ಬುತ್ತಿ ಇರುವಷ್ಟು ದಿನ ಗಿಡ ನೆಟ್ಟಗಿತ್ತು. ಬುತ್ತಿ ಮುಗಿಯಿತು ನೋಡಿ, ಹೊಸ ಎಲೆ ಹಳದಿ. ಅದರ ಮುಂದಿನದು ಇನ್ನೂ ಹಳದಿ, ಇನ್ನೂ ಸಣ್ಣದು. ಇದ್ದಿಲು ಹಾಕದೆ ಇದ್ದಾಗ ಸತ್ತ ಗಿಡಗಳೇ ಇದಕ್ಕಿಂತ ವಾಸಿಯಾಗಿದ್ದವು ಅನ್ನಿಸಿತು ನನಗೆ. ಅವನಿಗೆ ಹೇಳಲಿಲ್ಲ.

ಒಂದು ಮಧ್ಯಾಹ್ನ ನಾನು ತಂಗಿಯ ಹಿಂದೆ ಮಂಚದ ಮೇಲೆ ಕೂತು ತಲೆ ಬಾಚುತ್ತಿದ್ದೆ. ಹಿತ್ತಲಲ್ಲಿ ಇಸ್ತ್ರಿಯಪ್ಪ ಗಿಡಗಳ ಮುಂದೆ ನಿಂತಿದ್ದ. ಬಹಳ ಹೊತ್ತು ನಿಂತಿದ್ದು, ನಮ್ಮ ಕಡೆ ತಿರುಗದೆಯೇ ಹೇಳಿದ:

"ನನ್ನ ಕೈಗೆ ಸುಡೋದು ಬರುತ್ತೆ ಅಕ್ಕ. ಬೆಳೆಸೋದು ಬರಲ್ಲ. ಅದು ಅವಳ ಕೈಗೇ ಸರಿ. ಇವನ್ನ ದಿನಾ ಅವಳ ಕಣ್ಣೆದುರಿಗೆ ಸಾಯಿಸ್ತಾ ಯಾಕೆ ಕೂರ್ಲಿ? ಕಿತ್ತು ಹಾಕ್ತೀನಿ."

ಬಗ್ಗಿದ. ಮೊದಲ ಗಿಡದ ಬುಡಕ್ಕೆ ಕೈ ಹಾಕಿದ.

ನನ್ನ ಕೈಯಲ್ಲಿದ್ದ ಜಡೆ ಜಾರಿಹೋಯಿತು. ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡು ತಂಗಿಯ ಜೊತೆ ಎದ್ದುಹೋಯಿತು. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ಮು...ಟ್ಟ...ಬೇಡಿ."

ಅವನು ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಅಲ್ಲಾಡಿದರೆ ಆ ದನಿ ಹಾರಿಹೋಗುತ್ತದೇನೋ ಅನ್ನುವ ಹಾಗೆ.

"ಅವಳು... ಎರಡು ಮಾತು... ಹೇಳಿದ್ಲು." ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಎಳೆದು ಎಳೆದು ತಂದಳು. "ನೀವು... ಒಂದೇ... ಕೇಳಿದ್ರಿ."

ನಾಲ್ಕು ಹೆಜ್ಜೆ ಆಚೆ, ಪರದೆಯ ಹಿಂದೆ ಮಲಗಿದ್ದವಳ ಕಿವಿ ಯಾವತ್ತೂ ಮಲಗಿರಲಿಲ್ಲ. ಗಿಡದಮ್ಮ ಹೇಳಿದ್ದನ್ನು, ಗಂಜಿ ಯಾವುದಕ್ಕೆ ಅಂತ ನೆನಪಿಟ್ಟುಕೊಂಡ ಹಾಗೇ ಪೂರ್ತಿ ಇಟ್ಟುಕೊಂಡಿದ್ದಳು.

ಇಸ್ತ್ರಿಯಪ್ಪ ಕಿಟಕಿಯ ಹತ್ತಿರ ಬಂದ. ಕೈ ಎರಡೂ ಕಪ್ಪು. "ಹೇಳೇ. ಏನಂದ್ಲು?"

ನಾನು ನಡುವೆ ಬಾಯಿ ಹಾಕಲಿಲ್ಲ. ಅವಳು ಉಸಿರು ತೆಗೆದುಕೊಳ್ಳುವಾಗ ಅವನೂ ತೆಗೆದುಕೊಳ್ಳುತ್ತಿದ್ದ. ಆ ಒಂದಿಷ್ಟು ಮಾತು ಹೊರಬರುವಷ್ಟರಲ್ಲಿ ಬಿಸಿಲು ಕಿಟಕಿಯ ಒಂದು ಸರಳಿನಿಂದ ಇನ್ನೊಂದಕ್ಕೆ ಜರುಗಿತ್ತು. ಅವಳು ಹೇಳಿದ್ದರ ಸಾರ ಇಷ್ಟು. ಹೊಸ ಇದ್ದಿಲಿಗೆ ಹಸಿವು. ಬರಿಹೊಟ್ಟೆಯಲ್ಲಿ ಮಣ್ಣಿಗೆ ಇಳಿಸಿದರೆ ಅಲ್ಲಿರುವ ಅಷ್ಟಿಷ್ಟು ಸಾರವನ್ನೂ ತಾನೇ ನುಂಗಿ ಕೂರುತ್ತದೆ, ಬಡವರ ಮನೆಗೆ ಹಸಿದ ನೆಂಟ ಬಂದ ಹಾಗೆ. ಮೊದಲು ಅದನ್ನು ಪುಡಿ ಮಾಡಬೇಕು. ಸಗಣಿ ನೀರಲ್ಲೋ ಕೊಳೆತ ಗೊಬ್ಬರದ ನೀರಲ್ಲೋ ಹೊಟ್ಟೆ ತುಂಬ ಕುಡಿಸಬೇಕು. ಆಮೇಲೆ ಮಣ್ಣಿಗೆ.

"ಅಲ್ಲಿ... ನೋಡಿ" ಅಂತ ಮೋರಿಯ ಕಡೆ ಬೆರಳು ಮಾಡಿದಳು.

ಅವನು ಗುಡಿಸಿ ಎಸೆದಿದ್ದ ಪುಡಿಯ ಮೇಲೆ ದಿನಾ ನನ್ನ ಪಾತ್ರೆ ತೊಳೆದ ನೀರು, ಅನ್ನದ ಅಗುಳು, ತರಕಾರಿಯ ಚೂರು ಹರಿದು ನಿಂತಿತ್ತು. ನಾನು ಹೆಚ್ಚುವಾಗ ಬಿದ್ದ ಬೀಜವೊಂದು ಅಲ್ಲೇ ಮೊಳೆತು, ಯಾರೂ ನೋಡದೆ ಇದ್ದಾಗ ಅಂಗೈ ಅಗಲದ ಕಡುಹಸಿರು ಎಲೆ ಬಿಟ್ಟುಕೊಂಡು ಕೂತಿತ್ತು. ನಾನು ದಿನಾ ಅದರ ಪಕ್ಕದಲ್ಲೇ ಪಾತ್ರೆ ಬೋರಲು ಹಾಕುತ್ತಿದ್ದೆ. ಕಂಡವಳು ಮಂಚದ ಮೇಲಿದ್ದವಳು.

"ತೊಳೀ...ಬಾರ್ದಿತ್ತು" ಅಂದಳು ತಂಗಿ.

"ತೊಳೀದಿದ್ರೆ ಮಸಿ ಬೀಳಲ್ವೇನೇ?"

"ಮಣ್ಣಿಗೇನು... ಕಾಲರ್... ಇದೆಯಾ?" ತುಟಿಯ ನೆಟ್ಟಗಿದ್ದ ಕಡೆ ಮೇಲೆ ಹೋಯಿತು. "ಇದಕ್ಕೆ... ಯಾರೂ... ಜಗಳಕ್ಕೆ... ಬರಲ್ಲ."

ಅವನು ಕಿಟಕಿಯ ಕೆಳಗೆ ಮಣ್ಣಲ್ಲೇ ಕೂತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ, ಭುಜ ಮಾತ್ರ ಕುಲುಕುತ್ತಿತ್ತು. ಅದೇ ಕಪ್ಪು ಕೈಯಲ್ಲಿ ಕಣ್ಣು ಒರೆಸಿಕೊಂಡ.

"ಇನ್ನೊಂದ್ಸಲ ಬೈಯೇ."

"ಮುಖ... ತೊಳ್ಕೊಳ್ಳಿ... ಮೊದಲು."

ಹಾಲಿನವಳ ಕೊಟ್ಟಿಗೆಯಿಂದ ಸಗಣಿ ಬಂತು. ಇದ್ದಿಲನ್ನು ಮಣ್ಣಿಂದ ಆಯ್ದು, ಗೋಣಿಯಲ್ಲಿ ಕಟ್ಟಿ, ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ, ದೊಡ್ಡ ತೊಟ್ಟಿಯಲ್ಲಿ ಸಗಣಿ ನೀರಿಗೆ ಹಾಕಿದೆವು. ಒಣ ಇದ್ದಿಲು ನೀರಿಗೆ ಬಿದ್ದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಕಿವಿ ಕೊಟ್ಟರೆ ಕುಡಿಯುವ ಸದ್ದೇ ಕೇಳುತ್ತದೆ. ವಾಸನೆಗೆ ದರ್ಜಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲಿದ. "ಅತ್ತಿಗೆ, ಮೊದಲು ಇದ್ದಿಲಿಗೆ ಸ್ನಾನ ಆಗ್ತಿತ್ತು, ಈಗ ಊಟಾನೂ ಶುರುವಾಯ್ತಾ?" ಅಂತ ಹಿತ್ತಲಿಗೆ ಬಂದು ಕಿಟಕಿಗೆ ಕೂಗಿದ. ಒಳಗಿಂದ ಉತ್ತರ ಬರುವುದಕ್ಕೆ ಹೊತ್ತು ಹಿಡಿಯಿತು, ಆದರೆ ಬಂತು.

"ಎಲೆ... ಹಾಕ್ತೀನಿ... ನೀನೂ... ಬಾ."

ಇನ್ನೂ ಕುಡೀತಾ ಇದೆ, ತೆಗೀಬೇಡಿ ಅಂತ ಅವಳೇ ತಡೆದು ತಡೆದು ಇಟ್ಟಳು. ಅವಳು ಸರಿ ಅಂದ ಮೇಲೆ ಅದನ್ನು ಗಿಡಗಳ ಸುತ್ತ ಮಣ್ಣಿಗೆ ಬೆರೆಸಿದ. ರಾತ್ರೋರಾತ್ರಿ ಏನೂ ಆಗಲಿಲ್ಲ. ಹಳದಿ ಗಿಡಗಳಲ್ಲಿ ಕೆಲವು ಸತ್ತೇ ಹೋದವು. ಉಳಿದವು ಮುನಿಸಿಕೊಂಡ ಮಕ್ಕಳ ಹಾಗೆ ಅಲ್ಲೇ ನಿಂತಿದ್ದವು. ಒಂದು ಮಳೆ ಬಿತ್ತು. ಬೆರಳಲ್ಲಿ ಒತ್ತಿ ನೋಡಿದರೆ, ಬಿಸಿಲು ಬಂದ ಮೇಲೂ ಆ ಮಣ್ಣಿನೊಳಗೆ ತಂಪು ಇತ್ತು. ಅದಾದ ಮೇಲೆ ಬಂದ ಎಲೆ ಹಸಿರು. ಅದರ ಮುಂದಿನದು ಇನ್ನೂ ಹಸಿರು, ಇನ್ನೂ ಅಗಲ. ಮೋರಿಯ ಪಕ್ಕದ ಗಿಡವಂತೂ ಯಾರ ಅಪ್ಪಣೆಗೂ ಕಾಯದೆ ನನ್ನ ಹಿತ್ತಲ ಬಾಗಿಲನ್ನೇ ಮುಚ್ಚಿತು. ತಂಗಿ ಅದಕ್ಕೂ ಬೈದಳು. "ಅಕ್ಕನ... ದಾರಿ... ಬಿಡೇ."

ಬಳ್ಳಿ ಸರಳು ಹಿಡಿಯುವ ಹೊತ್ತಿಗೆ ಅವಳ ಬೈಗುಳ ಉದ್ದವಾಗಿತ್ತು. ಹಳೆಯ ವೇಗ ಬರಲಿಲ್ಲ, ಇನ್ನು ಬರುವುದೂ ಇಲ್ಲವೇನೋ. ಆದರೆ ನಿಧಾನದ ಬೈಗುಳಕ್ಕೆ ಬೇರೆಯೇ ರುಚಿ. ಮುಂದಿನ ಮಾತು ಏನು ಬರುತ್ತದೋ ಅಂತ ಬೈಸಿಕೊಳ್ಳುವವರೇ ಕಾದು ನಿಲ್ಲಬೇಕು. ದರ್ಜಿ ಒಂದು ದಿನ ಬಳ್ಳಿಯ ಹತ್ತಿರ ಸುಳಿದಾಡಿದ್ದಕ್ಕೆ, "ಕುಂಬಳಕಾಯಿ... ಕಳ್ಳ..." ಅಂತ ಅವಳು ಶುರುಮಾಡಿದಳು. ಅವಳು ಗಾದೆ ಮುಗಿಸುವುದಕ್ಕೆ ಮುಂಚೆಯೇ ಅವನು ಹೆಗಲು ಮುಟ್ಟಿ ನೋಡಿಕೊಂಡಿದ್ದ. ಅಷ್ಟು ನಕ್ಕಿದ್ದು ನಾವು ಎಷ್ಟೋ ತಿಂಗಳ ಮೇಲೆ.

ಆಮೇಲೊಂದು ಬೆಳಗ್ಗೆ ಅವಳು ಪರದೆ ಸರಿಸಿ ಮುಂದಿನ ಕೋಣೆಗೆ ಬಂದಳು. ಇಸ್ತ್ರಿಯಪ್ಪ ಸ್ಟೂಲಿನ ಮೇಲಿದ್ದ ಗಂಟನ್ನು ಎತ್ತಿ ಕೆಳಗಿಟ್ಟ, ಅಷ್ಟೆ. ಎಂದಿನಂತೆ ಟೀಚರು ಓಡುತ್ತಾ ಬಂದಳು.

"ಬಟ್ಟೆ ಯಾವಾಗಮ್ಮ?"

ಆಗ ಇಸ್ತ್ರಿಯಪ್ಪ ಮಾಡಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಾದ ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಪಕ್ಕದ ಕಲ್ಲಿನ ಮೇಲೆ ಇಟ್ಟ. ಕೆಂಡ ಆರಿದರೆ ಆರಲಿ ಅಂತ ಕೈ ಕಟ್ಟಿಕೊಂಡ. ಅಂಥದ್ದನ್ನು ಅವನು ಯಾವ ಗಿರಾಕಿಗೂ ಮಾಡಿದವನಲ್ಲ. ಹೆಂಡತಿಯ ಕಡೆ ತಿರುಗಿ, ಕಿವಿ ಪೂರ್ತಿ ತೆರೆದುಕೊಂಡು ನಿಂತ. ಅವನು ಹಾಗೆ ನಿಂತದ್ದನ್ನು ನೋಡಿ ಟೀಚರೂ ನಿಂತಳು. ಚೀಲವನ್ನು ಹೆಗಲಿಂದ ಇಳಿಸಿದಳು.

"ನಾ...ಳೆ" ಅಂದಳು ತಂಗಿ. "ಬೆಳಗ್ಗೆ. ಆದ್ರೆ... ಈ ಅಂಗಿ... ಗುಂಡಿ... ಬಿದ್ದಿದೆ. ದರ್ಜಿ ಹತ್ರ... ಹಾಕ್ಸಿ... ಕೊಡಿ."

"ಹೌದಲ್ಲ! ನಾನು ನೋಡೇ ಇರ್ಲಿಲ್ಲ ಅಮ್ಮ."

"ನೀವು... ನಿಂತು... ಯಾವುದನ್ನ... ನೋಡಿದ್ದೀರಿ?"

ಟೀಚರಿಗೆ ನಗು ತಡೆಯಲಿಲ್ಲ. ಶಾಲೆಯ ಗಂಟೆ ಹೊಡೆಯಿತು. ಹೊಡೆದ ಮೇಲೂ ಅವಳು ಒಂದು ಗಳಿಗೆ ನಿಂತಿದ್ದು, ಅಂಗಿ ಎತ್ತಿಕೊಂಡು ದರ್ಜಿಯ ಅಂಗಡಿಗೆ ದಾಟಿದಳು.

ಇಸ್ತ್ರಿಯಪ್ಪ ಈಗಲೂ ಬೆಳಗ್ಗೆ ನಲ್ಲಿಯ ಕೆಳಗೆ ಕೂತು ಇದ್ದಿಲು ತೊಳೆಯುತ್ತಾನೆ. ಕಾಲರುಗಳಿಗೆ ಮಸಿ ಬೀಳಬಾರದಲ್ಲ. ಆದರೆ ಮೊದಲ ಕಪ್ಪು ನೀರನ್ನೂ ಜರಡಿಯ ಪುಡಿಯನ್ನೂ ಚೆಲ್ಲುವುದಿಲ್ಲ, ತೊಟ್ಟಿಗೆ ಹೊಯ್ಯುತ್ತಾನೆ. ಎಲೆಗಳ ಹಿಂದಿನಿಂದ, ಕಿಟಕಿಯೊಳಗಿಂದ, ಒಂದು ದನಿ ನಿಧಾನವಾಗಿ ಹೊರಡುತ್ತದೆ.

"ರೀ... ಚೆಲ್ತಾ... ಇದ್ದೀರಿ..."

"ಎಲ್ಲೇ?" ಅನ್ನುತ್ತಾನೆ ಅವನು, ಕೊಡವನ್ನು ಬೇಕಂತಲೇ ಇನ್ನೊಂದಿಷ್ಟು ವಾಲಿಸಿ.